ನೀರಿಗೆ ಜೀನ್ಸ್ ಬಟ್ಟೆ, ಎಣ್ಣೆಗೆ ತಾಮ್ರದ ಜಾಲರಿ: ವಾಟರ್ ಸರ್ವಿಸ್ ಕೊಳೆನೀರಿಗೆ ಬೇರ್ಪಡಿಸುವ ಡ್ರಮ್ ಕಟ್ಟುವುದು ಹೇಗೆ

ಸಂಡೂರಿನ ಅದಿರು ಟಿಪ್ಪರ್ ಇರಲಿ, ಸಿಂಧನೂರು–ಗಂಗಾವತಿ ಕಡೆ ಭತ್ತದ ಸುಗ್ಗಿ ಮುಗಿಸಿ ಬರುವ ಹಾರ್ವೆಸ್ಟರ್ ಇರಲಿ, ವಾಟರ್ ಸರ್ವಿಸ್ ರ‍್ಯಾಂಪಿನಿಂದ ಇಳಿದ ನೀರು ಹೋಗುವುದು ಚರಂಡಿಗೆ, ಅಲ್ಲಿಂದ ಹಳ್ಳಕ್ಕೆ. ಅದರಲ್ಲಿ ಎಂಜಿನ್ ಆಯಿಲ್, ಗ್ರೀಸ್, ಡೀಸೆಲ್ ಎಲ್ಲವೂ ಇರುತ್ತವೆ. ಪರಿಸರ ಸಂರಕ್ಷಣಾ ನಿಯಮಗಳ ಪ್ರಕಾರ ಹಳ್ಳ-ಹೊಳೆಗೆ ಬಿಡುವ ನೀರಿನಲ್ಲಿ ಎಣ್ಣೆ ಮತ್ತು ಗ್ರೀಸ್ ಲೀಟರಿಗೆ 10 ಮಿಲಿಗ್ರಾಂ ಮೀರಬಾರದು. ಊರಿನ ಒಳಚರಂಡಿಗೆ ಬಿಟ್ಟರೆ ಮಿತಿ 20 ಮಿಲಿಗ್ರಾಂ. ಬರೀ ಗುಂಡಿ ತೋಡಿ ನೀರು ನಿಲ್ಲಿಸಿದರೆ ಈ ಮಟ್ಟ ಮುಟ್ಟುವುದು ಕಷ್ಟ.

ಇಲ್ಲಿ ಹೇಳುವುದು 200 ಲೀಟರಿನ ಒಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಎರಡು ದಾರಿ ಮಾಡುವ ವಿಧಾನ. ಒಂದು ದಾರಿ ನೀರನ್ನು ಮಾತ್ರ ಬಿಡುತ್ತದೆ, ಇನ್ನೊಂದು ಎಣ್ಣೆಯನ್ನು ಮಾತ್ರ. ಕರೆಂಟು ಬೇಡ, ಪಂಪು ಬೇಡ. ದಿನಕ್ಕೆ ಕೆಲವೇ ಗಾಡಿ ತೊಳೆಯುವ ಜಾಗಕ್ಕೆ, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜಿನ ಪ್ರಾಜೆಕ್ಟಿಗೆ ಇದು ತಕ್ಕ ಅಳತೆ.

ಜಾಲರಿ ಒಂದನ್ನು ಬಿಟ್ಟು ಇನ್ನೊಂದನ್ನು ಯಾಕೆ ತಡೆಯುತ್ತದೆ

ಕೆಸುವಿನ ಎಲೆಯ ಮೇಲೆ ನೀರು ಮುತ್ತಿನಂತೆ ಉರುಳುತ್ತದೆ; ಹಳೆಯ ಹತ್ತಿ ಪಂಚೆಯ ಮೇಲೆ ಬಿದ್ದರೆ ಕ್ಷಣದಲ್ಲಿ ಹರಡುತ್ತದೆ. ಹನಿಯ ಅಂಚು ನೆಲವನ್ನು ಮುಟ್ಟುವಲ್ಲಿ ಆಗುವ ಕೋನವೇ ಇದರ ಅಳತೆ. 90 ಡಿಗ್ರಿಗಿಂತ ಕಡಿಮೆ ಇದ್ದರೆ ಮೇಲ್ಮೈ ನೀರನ್ನು ಸೆಳೆಯುತ್ತದೆ, ಹೆಚ್ಚಿದ್ದರೆ ದೂಡುತ್ತದೆ. 150 ಮೀರಿ, 10 ಡಿಗ್ರಿಗಿಂತ ಕಡಿಮೆ ಇಳಿಜಾರಿನಲ್ಲೇ ಹನಿ ಉರುಳಿಹೋದರೆ ಅದು ಕೆಸುವಿನ ಎಲೆಯ ದರ್ಜೆ. ಬರೀ ಮೇಣ ಬಳಿದರೆ ಆ ದರ್ಜೆ ಬರುವುದಿಲ್ಲ. ಮೇಲ್ಮೈ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ತರಿತರಿಯಾಗಿರಬೇಕು. ತರಿಗಳ ನಡುವೆ ಗಾಳಿ ಸಿಕ್ಕಿಕೊಂಡು, ಹನಿ ಆ ಗಾಳಿಯ ಮೇಲೆ ಕೂರುತ್ತದೆ. ಅದೇ ತರಿಗೆ ಮೇಣದ ಪದರ ಇಲ್ಲದಿದ್ದರೆ ಪರಿಣಾಮ ತಿರುಗುಮುರುಗು: ನೀರು ಸಂದುಗಳಲ್ಲಿ ನುಗ್ಗಿ ಕೂತು, ಎಣ್ಣೆಗೆ ಜಾಗ ಕೊಡುವುದಿಲ್ಲ.

ನೀರಿನ ಮೇಲ್ಮೈ ಸೆಳೆತ (ಹನಿಯನ್ನು ಗುಂಡಾಗಿ ಹಿಡಿದಿಡುವ ಬಲ) ಮೀಟರಿಗೆ 72 ಮಿಲಿನ್ಯೂಟನ್, ಎಣ್ಣೆಗಳದ್ದು 20ರಿಂದ 35. ಈ ಅಂತರವೇ ನಮ್ಮ ಬಂಡವಾಳ. ನೀರನ್ನು ದೂಡಿ ಎಣ್ಣೆಯನ್ನು ಬಿಡುವ ಉಕ್ಕಿನ ಜಾಲರಿಯನ್ನು ಚೀನಾದ ಸಂಶೋಧಕರು 2004ರಲ್ಲಿ ಟೆಫ್ಲಾನ್ ಲೇಪಿಸಿ ತೋರಿಸಿದರು. ನೀರನ್ನು ಬಿಟ್ಟು ಎಣ್ಣೆ ತಡೆಯುವ ಜಾಲರಿ 2011ರಲ್ಲಿ ಬಂತು, ಅದಕ್ಕೆ ಲೇಪ ನೀರು ಹೀರಿ ಉಬ್ಬುವ ಜೆಲ್.

ಜಾಲರಿ ಎಷ್ಟು ಎತ್ತರದ ನೀರನ್ನು ತಡೆಯುತ್ತದೆ ಎಂಬುದಕ್ಕೆ ಸರಳ ಲೆಕ್ಕ ಇದೆ. ಮೇಲ್ಮೈ ಸೆಳೆತವನ್ನು, ಋಣ ಚಿಹ್ನೆ ಬಿಟ್ಟು, ಕೋನದ ಕೊಸೈನ್‌ನಿಂದ ಗುಣಿಸಿ, 4ರಿಂದ ಗುಣಿಸಿ, ರಂಧ್ರದ ಅಗಲದಿಂದ ಭಾಗಿಸಬೇಕು. 200 ಮೆಶ್ (ಇಂಚಿಗೆ 200 ತಂತಿ) ಜಾಲರಿಯ ರಂಧ್ರ ಸುಮಾರು 75 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ). ಕೋನ 150 ಇದ್ದರೆ ಉತ್ತರ ಸುಮಾರು 34 ಸೆಂ.ಮೀ. ನೀರು. 100 ಮೆಶ್‌ಗೆ, ಅಂದರೆ 150 ಮೈಕ್ರಾನಿಗೆ, 17 ಸೆಂ.ಮೀ. ಇದು ಕಾಗದದ ಲೆಕ್ಕ. ತಂತಿ ದುಂಡಗಿರುವುದರಿಂದ, ನೇಯ್ಗೆ ಎಲ್ಲ ಕಡೆ ಸಮ ಇರದಿರುವುದರಿಂದ ನಿಜದಲ್ಲಿ ಅರ್ಧ ಸಿಕ್ಕರೂ ಒಳ್ಳೆಯದೇ.

ಹೆಚ್ಚು ಜನ ಎಡವುವ ಜಾಗ

ವಿಡಿಯೋಗಳಲ್ಲಿ ತೋರಿಸುವುದು ಹೀಗೆ: ನೀರು ದೂಡುವ ಜಾಲರಿಯನ್ನು ಕೊಳವೆಯ ತಳಕ್ಕೆ ಕಟ್ಟಿ, ಮೇಲಿನಿಂದ ಎಣ್ಣೆ-ನೀರು ಸುರಿಯುತ್ತಾರೆ, ಎಣ್ಣೆ ಕೆಳಗಿಳಿಯುತ್ತದೆ, ನೀರು ಮೇಲೆ ಉಳಿಯುತ್ತದೆ. ಆ ಪ್ರಯೋಗಗಳಲ್ಲಿ ಅನೇಕ ಸಲ ಬಳಸುವುದು ಕ್ಲೋರೋಫಾರ್ಮ್‌ನಂಥ ನೀರಿಗಿಂತ ಭಾರದ ದ್ರವ. ನಮ್ಮ ಎಂಜಿನ್ ಆಯಿಲಿನ ಸಾಂದ್ರತೆ 0.88ರ ಆಸುಪಾಸು, ಡೀಸೆಲ್ 0.83–0.85. ಎರಡೂ ತೇಲುತ್ತವೆ. ತಳದ ಜಾಲರಿಯನ್ನು ಮೊದಲು ಮುಟ್ಟುವುದು ನೀರು. ಅದು ದಾಟುವುದಿಲ್ಲ, ಎಣ್ಣೆ ಇಳಿಯಲೂ ಬಿಡುವುದಿಲ್ಲ. ಎಲ್ಲವೂ ನಿಂತುಬಿಡುತ್ತದೆ.

ಹಾಗಾಗಿ ಯಾವ ಜಾಲರಿ ಒಳ್ಳೆಯದು ಎಂದು ಕೇಳುವ ಮೊದಲು, ಆ ಜಾಗದಲ್ಲಿ ಜಾಲರಿಯನ್ನು ಮುಟ್ಟುವ ದ್ರವ ಯಾವುದು ಎಂದು ಕೇಳಬೇಕು. ಕೆಳಗೆ ನೀರು ಇರುತ್ತದೆ, ಅಲ್ಲಿ ನೀರು ಸೆಳೆಯುವ ಪೊರೆ. ಮೇಲೆ ಎಣ್ಣೆ ಇರುತ್ತದೆ, ಅಲ್ಲಿ ನೀರು ದೂಡುವ ಜಾಲರಿ, ಅದೂ ಪಕ್ಕಕ್ಕೆ ಮುಖ ಮಾಡಿ. ಡ್ರಮ್ಮಿನ ಇಡೀ ರಚನೆ ಈ ಎರಡು ಸಾಲಿನ ಮೇಲೆ ನಿಂತಿದೆ.

ಎರಡಕ್ಕೂ ತಾಮ್ರದ ಜಾಲರಿಯನ್ನೇ ಬಳಸಬಹುದು. ಆದರೆ ನೀರಿನ ದಾರಿಗೆ ತಾಮ್ರ ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ. ಹೊರಗೆ ಹೋಗುವ ನೀರೆಲ್ಲ ಅದನ್ನು ದಾಟಿ ಹೋಗುವುದರಿಂದ ಲೇಪದ ತಾಮ್ರ ಸ್ವಲ್ಪಸ್ವಲ್ಪ ಕರಗಿ ಹಳ್ಳ ಸೇರುತ್ತದೆ. ತಾಮ್ರ ಮೀನಿಗೆ ವಿಷ. ಆ ಜಾಗಕ್ಕೆ ಬಳ್ಳಾರಿಯಲ್ಲಿ ಬೇಕಾದಷ್ಟು ಸಿಗುವ ವಸ್ತು ಒಂದಿದೆ: ಜೀನ್ಸ್ ಹೊಲಿಯುವ ಘಟಕಗಳಲ್ಲಿ ಉಳಿಯುವ ಡೆನಿಮ್ ಕಟ್‌ಪೀಸ್. ಒತ್ತಾದ ನೇಯ್ಗೆ, ಹತ್ತಿ ನೂಲು. ನೀರಿನಲ್ಲಿ ನೆನೆದರೆ ನೂಲು ಉಬ್ಬಿ ಸಂದು ಇನ್ನಷ್ಟು ಕಿರಿದಾಗುತ್ತದೆ.

ಬೇಕಾಗುವ ಸಾಮಾನು

200 ಲೀಟರಿನ ಮೇಲ್ಬಾಯಿ ತೆರೆದ ಪ್ಲಾಸ್ಟಿಕ್ ಡ್ರಮ್ ಎರಡು (ಒಂದು ಕೊಳೆನೀರಿನ ಕೆಸರು ಮೊದಲು ಕೂರಲು, ಇನ್ನೊಂದು ಆಮೇಲೆ ಎಣ್ಣೆ ಬೇರ್ಪಡಿಸಲು). 110 ಮಿ.ಮೀ. ಪಿವಿಸಿ ಪೈಪ್ 80 ಸೆಂ.ಮೀ.ನ ಎರಡು ತುಂಡು, ಎರಡು ಎಂಡ್ ಕ್ಯಾಪ್. ಒಂದಿಂಚು ಮತ್ತು ಅರ್ಧ ಇಂಚಿನ ಟ್ಯಾಂಕ್ ನಿಪ್ಪಲ್, ಎಲ್ಬೋ, ಒಂದು ಅರ್ಧ ಇಂಚಿನ ಬಾಲ್ ವಾಲ್ವ್. ದೊಡ್ಡ ಹೋಸ್ ಕ್ಲಿಪ್ ನಾಲ್ಕು. ಎಣ್ಣೆ ತಾಗುವ ಕಡೆಗೆಲ್ಲ ನೈಟ್ರೈಲ್ ರಬ್ಬರ್ ಪಟ್ಟಿ. ಸೈಕಲ್ ಟ್ಯೂಬ್ ಕತ್ತರಿಸಿ ಹಾಕಿದರೆ ಎಣ್ಣೆ ಕುಡಿದು ಉಬ್ಬಿ ಸಡಿಲವಾಗುತ್ತದೆ. ಪ್ಲಾಸ್ಟಿಕ್ ಸೊಳ್ಳೆ ಜಾಲರಿ ಅರ್ಧ ಮೀಟರ್. ಅರಾಲ್ಡೈಟ್. 200 ಮೆಶ್ ತಾಮ್ರದ ಜಾಲರಿ 40 × 14 ಸೆಂ.ಮೀ., ಜೊತೆಗೆ ಪರೀಕ್ಷೆಗೆ 8 × 8ರ ಒಂದು ತುಂಡು. ಅಂಗಡಿಯಲ್ಲಿ ತಾಮ್ರ ಎಂದು ಹಿತ್ತಾಳೆ ಕೊಡುವುದುಂಟು. ಹಳದಿ ಛಾಯೆ ಇದ್ದರೆ ಬೇಡ, ಅದರ ಸತು ಕಾಸ್ಟಿಕ್‌ನಲ್ಲಿ ಕರಗಿ ಲೇಪ ಸರಿಯಾಗಿ ಕೂರುವುದಿಲ್ಲ.

ರಾಸಾಯನಿಕಗಳು: ಕಾಸ್ಟಿಕ್ ಸೋಡಾ 100 ಗ್ರಾಂ, ಅಮೋನಿಯಂ ಪರ್ಸಲ್ಫೇಟ್ 23 ಗ್ರಾಂ, ಸ್ಟಿಯರಿಕ್ ಆಸಿಡ್ 3 ಗ್ರಾಂ (ಮೇಣದಬತ್ತಿ, ಸೋಪು ಮಾಡುವವರ ಸಾಮಗ್ರಿಯಲ್ಲಿ ಸಿಗುತ್ತದೆ), ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಲೀಟರಿಗಿಂತ ತುಸು ಹೆಚ್ಚು, ಬ್ಯಾಟರಿ ವಾಟರ್ 5 ಲೀಟರ್. ಬ್ಯಾಟರಿ ವಾಟರ್ ಬದಲು ಬೋರ್‌ವೆಲ್ ನೀರು ಬಳಸಬೇಡಿ. ರಾಯಚೂರು, ಕೊಪ್ಪಳದ ಕಡೆ ಬೋರಿನ ನೀರು ಗಡಸು. ಅದರ ಕ್ಯಾಲ್ಸಿಯಂ ಸ್ಟಿಯರಿಕ್ ಆಸಿಡ್ ಜೊತೆ ಸೇರಿ ಬಿಳಿ ಗಷ್ಟು ಕಟ್ಟುತ್ತದೆ.

ನೀರಿನ ದಾರಿ: ಡೆನಿಮ್ ಸಿದ್ಧ ಮಾಡುವುದು

ವಾಷಿಂಗ್ ಘಟಕಕ್ಕೆ ಹೋಗಿ ಬಂದ ಬಟ್ಟೆ ಬೇಡ. ಅಲ್ಲಿ ಮೆದು ಮಾಡಲು ಹಾಕುವ ಸಿಲಿಕೋನ್ ನೀರನ್ನು ದೂಡುತ್ತದೆ. ಕತ್ತರಿಸುವ ಟೇಬಲ್ಲಿನಿಂದ ನೇರ ಬಂದ ಹಸಿ ಡೆನಿಮ್ ಬೇಕು, ಹಿಗ್ಗದ್ದು. ಒಂದೆಳೆ ನೂಲು ಸುಟ್ಟು ನೋಡಿ: ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಹತ್ತಿ, ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್ ಬೆರಕೆ.

ಹಸಿ ಡೆನಿಮ್‌ನಲ್ಲಿ ಗಂಜಿ ಇರುತ್ತದೆ, ಹತ್ತಿಯ ಸಹಜ ಮೇಣವೂ ಉಳಿದಿರುತ್ತದೆ. ಎರಡನ್ನೂ ತೆಗೆಯದಿದ್ದರೆ ಅದು ನೀರು ಸೆಳೆಯುವ ಪೊರೆ ಆಗುವುದೇ ಇಲ್ಲ. ರಾತ್ರಿಯಿಡೀ ಬಿಸಿನೀರಿನಲ್ಲಿ ನೆನೆಸಿಡಿ. ಬೆಳಿಗ್ಗೆ 5 ಲೀಟರ್ ನೀರಿಗೆ 50 ಗ್ರಾಂ ಕಾಸ್ಟಿಕ್ (ಮೇಲಿನ 100 ಗ್ರಾಂಗೆ ಹೊರತಾಗಿ) ಹಾಕಿ ಸ್ಟೀಲ್ ಪಾತ್ರೆಯಲ್ಲಿ ಒಂದು ಗಂಟೆ ಕುದಿಸಿ. ಅಲ್ಯೂಮಿನಿಯಂ ಪಾತ್ರೆಯನ್ನು ಕಾಸ್ಟಿಕ್ ತಿಂದುಹಾಕುತ್ತದೆ, ಜೊತೆಗೆ ಹೈಡ್ರೋಜನ್ ಅನಿಲ ಏಳುತ್ತದೆ. ನೀಲಿ ಬಣ್ಣ ಬಿಡುತ್ತದೆ, ಬಿಡಲಿ. ಐದಾರು ಸಲ ತೊಳೆದು, ಕೊನೆಯ ತೊಳೆತಕ್ಕೆ ಸ್ವಲ್ಪ ವಿನೆಗರ್ ಹಾಕಿ ಮತ್ತೊಮ್ಮೆ ತೊಳೆಯಿರಿ. ಒಣಗಿದ ಮೇಲೆ ಒಂದು ಹನಿ ನೀರು ಬಿಡಿ. ಮೂರು ಸೆಕೆಂಡಿನೊಳಗೆ ಹೀರಿಕೊಂಡರೆ ಸಿದ್ಧ. ಹನಿ ಕೂತೇ ಇದ್ದರೆ ಮತ್ತೆ ಕುದಿಸಬೇಕು.

ಒಂದು ಪಿವಿಸಿ ತುಂಡಿನ ತಳಕ್ಕೆ ಕ್ಯಾಪ್ ಅಂಟಿಸಿ. ತಳದಿಂದ 10 ಸೆಂ.ಮೀ. ಬಿಟ್ಟು 40 ಸೆಂ.ಮೀ.ವರೆಗೆ 10 ಮಿ.ಮೀ. ರಂಧ್ರಗಳನ್ನು ಎರಡೂವರೆ ಸೆಂ.ಮೀ. ಅಂತರದಲ್ಲಿ ಕೊರೆಯಿರಿ. ಅಂಚಿನ ಸಿಬಿರನ್ನು ಮರಳು ಕಾಗದದಿಂದ ತೆಗೆಯಿರಿ. ಮೇಲೆ ಸೊಳ್ಳೆ ಜಾಲರಿ ಒಂದು ಸುತ್ತು. ಇದು ಬಟ್ಟೆ ರಂಧ್ರಕ್ಕೆ ಅಂಟಿಕೊಳ್ಳದೆ ಇಡೀ ಅಗಲದಲ್ಲಿ ನೀರು ಜಿನುಗುವಂತೆ ಮಾಡುತ್ತದೆ. ಅದರ ಮೇಲೆ 45 × 38 ಸೆಂ.ಮೀ. ಡೆನಿಮ್. ಅಂಚು ಒಂದರ ಮೇಲೊಂದು 8 ಸೆಂ.ಮೀ. ಬರಬೇಕು. ಹೊಲಿಯಬೇಡಿ, ಸೂಜಿಯ ತೂತು ಸೋರುತ್ತದೆ. ನೀರು ಹೊರಗಿನಿಂದ ಒಳಕ್ಕೆ ಒತ್ತುವುದರಿಂದ ಮಡಿಕೆ ತಾನೇ ಬಿಗಿಯಾಗುತ್ತದೆ. ಮೇಲೆ-ಕೆಳಗೆ ರಬ್ಬರ್ ಪಟ್ಟಿ ಇಟ್ಟು ಹೋಸ್ ಕ್ಲಿಪ್ ಬಿಗಿಸಿ, ನಡುವೆ ನೈಲಾನ್ ದಾರ ಸುತ್ತಿ.

ಇದೇ ಪೈಪಿನಲ್ಲಿ ತಳದಿಂದ 60 ಸೆಂ.ಮೀ. ಎತ್ತರಕ್ಕೆ ಒಂದಿಂಚಿನ ನಿಪ್ಪಲ್ ಕೂರಿಸಿ, ಅಲ್ಲಿಂದ ಡ್ರಮ್ಮಿನ ಗೋಡೆ ದಾಟಿ ಹೊರಕ್ಕೆ ನೀರಿನ ಪೈಪ್ ತನ್ನಿ. ಡೆನಿಮ್ ದಾಟಿ ಒಳಬಂದ ನೀರು ಮೇಲಕ್ಕೇರಿ 60ರ ಮಟ್ಟದಲ್ಲಿ ಹೊರಗೆ ಬೀಳುತ್ತದೆ. ಪೈಪಿನ ಮೇಲ್ತುದಿ ತೆರೆದೇ ಇರಬೇಕು. ಮುಚ್ಚಿದರೆ ಸೈಫನ್ ಹಿಡಿದು ಡ್ರಮ್ಮಿನ ಮಟ್ಟ ಇಳಿದು, ಎಣ್ಣೆ ಡೆನಿಮ್‌ವರೆಗೂ ಬಂದುಬಿಡುತ್ತದೆ.

ಎಣ್ಣೆಯ ದಾರಿ: ತಾಮ್ರದ ಜಾಲರಿ

ಕೈಗವಸು, ಕನ್ನಡಕ, ಗಾಳಿಯಾಡುವ ಜಾಗ. ಇವು ಇಲ್ಲದೆ ಶುರು ಮಾಡಬೇಡಿ. ಕಾಸ್ಟಿಕ್ ಮತ್ತು ಪರ್ಸಲ್ಫೇಟ್ ಸೇರಿದಾಗ ಅಮೋನಿಯಾ ಏಳುತ್ತದೆ, ಕಣ್ಣು ಉರಿಯುತ್ತದೆ.

1. ಜಾಲರಿಯನ್ನು ಪಾತ್ರೆ ಸೋಪಿನಲ್ಲಿ ಅದ್ದಿ ತೊಳೆದು, ಐಸೊಪ್ರೊಪೈಲ್‌ನಲ್ಲಿ ಜಾಲಾಡಿಸಿ. ನಂತರ ತಾಮ್ರದ ಚೊಂಬು ತೊಳೆಯುವಂತೆ ಹುಣಸೆಹಣ್ಣಿನ ರಸಕ್ಕೆ ಉಪ್ಪು ಹಾಕಿ ಐದು ನಿಮಿಷ ಮುಳುಗಿಸಿಡಿ, ಉಜ್ಜಬೇಡಿ. ಕಪ್ಪು ಹೋಗಿ ಗುಲಾಬಿ ಬಣ್ಣ ಬರಬೇಕು. ಬ್ಯಾಟರಿ ವಾಟರ್‌ನಲ್ಲಿ ಮೂರು ಸಲ ಅದ್ದಿ ತೆಗೆಯಿರಿ. ನೀರು ಒಡೆಯದ ತೆಳು ಪದರವಾಗಿ ಹರಡಿದರೆ ಜಿಡ್ಡು ಹೋಗಿದೆ.

2. ಒಂದು ಲೀಟರ್ ಬ್ಯಾಟರಿ ವಾಟರ್‌ಗೆ 100 ಗ್ರಾಂ ಕಾಸ್ಟಿಕ್ ಸ್ವಲ್ಪಸ್ವಲ್ಪವೇ ಹಾಕಿ ಕರಗಿಸಿ. ನೀರನ್ನು ಕಾಸ್ಟಿಕ್ ಮೇಲೆ ಸುರಿಯಬೇಡಿ, ಕುದಿದು ಸಿಡಿಯುತ್ತದೆ. ಪೂರ್ತಿ ತಣ್ಣಗಾಗುವವರೆಗೆ ಕಾಯಿರಿ. ಬೇಸಿಗೆಯ ಮಧ್ಯಾಹ್ನ ಇಲ್ಲಿ ಇದಕ್ಕೆ ಎರಡು ಗಂಟೆ ಬೇಕಾಗಬಹುದು. ತಣ್ಣೀರಿನ ತೊಟ್ಟಿಯಲ್ಲಿಟ್ಟರೆ ಬೇಗ. ಬಿಸಿ ಇದ್ದಾಗಲೇ ಪರ್ಸಲ್ಫೇಟ್ ಹಾಕಿದರೆ ಅದು ಕೆಲಸ ಮಾಡುವ ಮೊದಲೇ ಒಡೆದುಹೋಗುತ್ತದೆ.

3. ತಣ್ಣಗಾದ ಮೇಲೆ 23 ಗ್ರಾಂ ಅಮೋನಿಯಂ ಪರ್ಸಲ್ಫೇಟ್ ಕಲಕಿ, ಅಗಲವಾದ ಪ್ಲಾಸ್ಟಿಕ್ ಟ್ರೇಗೆ ಸುರಿದು ಜಾಲರಿಯನ್ನು ಮಟ್ಟಸವಾಗಿ ಮುಳುಗಿಸಿ. ಐದು ನಿಮಿಷಕ್ಕೆ ತಿಳಿನೀಲಿ ಕಾಣತೊಡಗುತ್ತದೆ. 10 ನಿಮಿಷಕ್ಕೆ ತಿರುವಿಹಾಕಿ, 15ಕ್ಕೆ ತೆಗೆಯಿರಿ. ತಂತಿಯ ಮೇಲೆ ತಾಮ್ರದ ಹೈಡ್ರಾಕ್ಸೈಡ್ ಸೂಜಿಗಳು ಹುಲ್ಲಿನಂತೆ ಬೆಳೆದಿರುತ್ತವೆ. ಆಸೆಗೆ ಬಿದ್ದು ಒಂದು ಗಂಟೆ ಬಿಟ್ಟರೆ ಸೂಜಿಗೆ ಬೇಕಾದ ತಾಮ್ರ ತಂತಿಯಿಂದಲೇ ಬರಬೇಕಲ್ಲ, ತಂತಿ ಸವೆದು ಮುಟ್ಟಿದರೆ ಮುರಿಯುತ್ತದೆ.

4. ಬ್ಯಾಟರಿ ವಾಟರ್‌ನಲ್ಲಿ ಮೂರು ಸಲ ಮೆಲ್ಲಗೆ ಅದ್ದಿ. ನಲ್ಲಿ ಕೆಳಗೆ ಹಿಡಿಯಬೇಡಿ. ಈ ತೊಳೆತ ಪೂರ್ತಿಯಾಗಬೇಕು. ಪರ್ಸಲ್ಫೇಟ್ ಉಳಿದರೆ ಮುಂದಿನ ಹಂತದ ಆಲ್ಕೋಹಾಲ್ ಜೊತೆ ಸೇರುತ್ತದೆ, ಅದು ಅಪಾಯ. ನೆರಳಲ್ಲಿ ಒಣಗಿಸಿ.

ಈ ಹಂತದಲ್ಲಿ ಜಾಲರಿ ನೀರನ್ನು ಅತಿಯಾಗಿ ಸೆಳೆಯುತ್ತದೆ. ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳು ಇಲ್ಲೇ ಒಂದು ತುಂಡು ಕತ್ತರಿಸಿ ಇಟ್ಟುಕೊಳ್ಳಿ: ಅದೇ ಲೋಹ, ಅದೇ ಸೂಜಿ, ಮೇಣ ಇದ್ದರೆ ಒಂದು ಗುಣ, ಇಲ್ಲದಿದ್ದರೆ ತದ್ವಿರುದ್ಧ ಗುಣ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಆ ತುಂಡನ್ನು ಶುದ್ಧ ನೀರಿನಲ್ಲಿ ಮುಳುಗಿಸಿಡಿ. ಗಾಳಿಯಲ್ಲಿ ಬಿಟ್ಟರೆ ದಿನಗಳಲ್ಲಿ ಗಾಳಿಯ ಜಿಡ್ಡು ಕೂತು ಸೆಳೆಯುವ ಗುಣ ಹೋಗುತ್ತದೆ. ಬಣ್ಣ ಕಂದು-ಕಪ್ಪಿಗೆ ತಿರುಗಿದರೆ ಗಾಬರಿ ಬೇಡ, ಹೈಡ್ರಾಕ್ಸೈಡ್ ಆಕ್ಸೈಡ್ ಆಗಿದೆ, ಅಷ್ಟೇ.

5. ಒಂದು ಲೀಟರ್ ಐಸೊಪ್ರೊಪೈಲ್‌ಗೆ 2.8 ಗ್ರಾಂ ಸ್ಟಿಯರಿಕ್ ಆಸಿಡ್. ಕರಗದಿದ್ದರೆ ಬಾಟಲಿಯನ್ನು ಸುಮಾರು 40 ಡಿಗ್ರಿಯ ಬಿಸಿನೀರಿನ ಪಾತ್ರೆಯಲ್ಲಿಡಿ. ಹತ್ತಿರ ಬೆಂಕಿ ಇರಬಾರದು. ಜಾಲರಿಯನ್ನು 30 ನಿಮಿಷ ಮುಳುಗಿಸಿ, ಹೊಸ ಐಸೊಪ್ರೊಪೈಲ್‌ನಲ್ಲಿ ಒಮ್ಮೆ ಅದ್ದಿ, ಒಣಗಿಸಿ. ರಾತ್ರಿಯಿಡೀ ಬಿಟ್ಟರೆ ತಾಮ್ರದ ಸ್ಟಿಯರೇಟ್ ಹುಡಿಹುಡಿಯಾಗಿ ಬೆಳೆದು ರಂಧ್ರ ಮುಚ್ಚುತ್ತದೆ.

ಅಂಗಡಿಯಲ್ಲಿ ಸಿಗುವ ಫ್ಲೋರಿನ್ ಆಧಾರದ ನೀರುನಿರೋಧಕ ಸ್ಪ್ರೇ ಬಳಸುವ ಯೋಚನೆ ಬರಬಹುದು. ಬೇಡ. ಆ ರಾಸಾಯನಿಕಗಳು ಮಣ್ಣು-ನೀರಿನಲ್ಲಿ ಒಡೆಯದೆ ಉಳಿಯುತ್ತವೆ. ಎಣ್ಣೆ ತೆಗೆಯಲು ಹೋಗಿ ಅದಕ್ಕಿಂತ ಹಠಮಾರಿ ವಿಷವನ್ನು ಹಳ್ಳಕ್ಕೆ ಬಿಟ್ಟಂತಾಗುತ್ತದೆ.

ಪರೀಕ್ಷೆ

30 ಸೆಂ.ಮೀ. ಉದ್ದದ ಹಲಗೆಯ ಒಂದು ತುದಿಯನ್ನು 5 ಸೆಂ.ಮೀ. ಎತ್ತಿದರೆ ಸುಮಾರು 10 ಡಿಗ್ರಿ ಇಳಿಜಾರು. ಜಾಲರಿಯನ್ನು ಅದರ ಮೇಲಿಟ್ಟು ಸಿರಿಂಜಿನಿಂದ ಹನಿ ಬಿಡಿ. ನಿಲ್ಲದೆ ಉರುಳಬೇಕು. ಕೋನ ಬೇಕಾದವರು ಮೊಬೈಲನ್ನು ಹನಿಯ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಫೋಟೊ ತೆಗೆದು, ಹನಿಯ ಎತ್ತರ ಮತ್ತು ಅದು ಜಾಲರಿ ಮುಟ್ಟಿದ ಅಗಲವನ್ನು ಅಳೆಯಿರಿ. ಎತ್ತರದ ಎರಡು ಪಟ್ಟನ್ನು ಅಗಲದಿಂದ ಭಾಗಿಸಿ, ಅದರ ವಿಲೋಮ ಟ್ಯಾಂಜೆಂಟಿನ ಎರಡು ಪಟ್ಟು ತೆಗೆದುಕೊಂಡರೆ ಕೋನ. ಎತ್ತರವು ಅಗಲದ 1.87 ಪಟ್ಟು ಇದ್ದರೆ 150 ಡಿಗ್ರಿ. ಹನಿ ಸಣ್ಣದಿರಲಿ, 100 ಯೂನಿಟ್‌ನ ಇನ್ಸುಲಿನ್ ಸಿರಿಂಜಿನಲ್ಲಿ ಒಂದು ಯೂನಿಟ್ 10 ಮೈಕ್ರೊಲೀಟರ್, ಅದಕ್ಕಿಂತ ದೊಡ್ಡ ಹನಿ ತನ್ನ ಭಾರಕ್ಕೇ ಚಪ್ಪಟೆಯಾಗಿ ಕೋನ ಕಡಿಮೆ ತೋರಿಸುತ್ತದೆ.

ಕೋನಕ್ಕಿಂತ ಮುಖ್ಯ ಸೋರಿಕೆಯ ಪರೀಕ್ಷೆ. ಪರೀಕ್ಷೆಯ ತುಂಡನ್ನು ಎರಡಿಂಚಿನ ಪೈಪಿನ ತುದಿಗೆ ಕಟ್ಟಿ, ನಿಧಾನಕ್ಕೆ ನೀರು ಏರಿಸುತ್ತ ಹೋಗಿ. ಮೊದಲ ಹನಿ ಕೆಳಗೆ ಬಂದ ಎತ್ತರವನ್ನು ಬರೆದಿಡಿ. 15 ಸೆಂ.ಮೀ.ಗಿಂತ ಮೊದಲೇ ಸೋರಿದರೆ ಲೇಪ ಸರಿಯಾಗಿಲ್ಲ. ನಮ್ಮ ಡ್ರಮ್ಮಿನಲ್ಲಿ ಬೀಳುವ ಒತ್ತಡ 7ರಿಂದ 9 ಸೆಂ.ಮೀ. ಮಾತ್ರ.

ಜೋಡಣೆ

ಎರಡನೆಯ ಪಿವಿಸಿ ತುಂಡಿಗೂ ತಳಕ್ಕೆ ಕ್ಯಾಪ್. ತಳದಿಂದ 56ರಿಂದ 66 ಸೆಂ.ಮೀ. ಎತ್ತರದ ನಡುವೆ ಸುತ್ತ ನಾಲ್ಕು ಕಿಟಕಿ ಕತ್ತರಿಸಿ, ಪ್ರತಿಯೊಂದೂ 6 ಸೆಂ.ಮೀ. ಅಗಲ. ಸೊಳ್ಳೆ ಜಾಲರಿ ಸುತ್ತಿ, ಮೇಲೆ ತಾಮ್ರದ ಜಾಲರಿ. ಆಸರೆಗೆ ಸ್ಟೀಲ್ ಜಾಲರಿ ಹಾಕಬೇಡಿ. ಉಪ್ಪುನೀರಿನಲ್ಲಿ ಎರಡು ಲೋಹ ತಾಗಿದರೆ ತುಕ್ಕು ಓಡುತ್ತದೆ. ಸ್ಟಿಯರಿಕ್ ಲೇಪದ ಮೇಲೆ ಅರಾಲ್ಡೈಟ್ ಹಿಡಿಯುವುದಿಲ್ಲ, ಆದ್ದರಿಂದ ಜಾಲರಿಯ ಸುತ್ತಂಚಿನ ಒಂದೂವರೆ ಸೆಂ.ಮೀ. ಅನ್ನು ಮರಳು ಕಾಗದದಿಂದ ಕೆಂಪು ತಾಮ್ರ ಕಾಣುವವರೆಗೆ ತಿಕ್ಕಿ ಆಮೇಲೆ ಅಂಟಿಸಿ. ಈ ಉಪಕರಣ ಸೋಲುವುದು ಬಹುಪಾಲು ಅಂಚಿನಲ್ಲೇ. ಲೇಪ ಎಷ್ಟೇ ಚೆನ್ನಾಗಿದ್ದರೂ ಒಂದು ಮಿಲಿಮೀಟರಿನ ಸಂದು ಇದ್ದರೆ ನೀರು ಅಲ್ಲಿಂದ ನುಗ್ಗುತ್ತದೆ.

ಈ ಪೈಪು ಎಣ್ಣೆಯ ಬಾವಿ. ಒಳಗೆ ಖಾಲಿ ಇರುತ್ತದೆ. ಕಿಟಕಿಯಿಂದ ಬಂದ ಎಣ್ಣೆ ತಳಕ್ಕಿಳಿಯುತ್ತದೆ. ತಳದಿಂದ ಅರ್ಧ ಇಂಚಿನ ಪೈಪನ್ನು ಡ್ರಮ್ಮಿನಿಂದ ಹೊರಕ್ಕೆ ತಂದು ಬಾಲ್ ವಾಲ್ವ್ ಹಾಕಿ. ಖಾಲಿ ಪೈಪು 60 ಸೆಂ.ಮೀ. ಮುಳುಗಿದಾಗ ಸುಮಾರು 5.7 ಕಿಲೋ ಭಾರದಷ್ಟು ಬಲದಿಂದ ಮೇಲಕ್ಕೆ ತೇಲಲು ನೋಡುತ್ತದೆ. ಡ್ರಮ್ಮಿನ ಬಾಯಿಗೆ ಅಡ್ಡಪಟ್ಟಿ ಹಾಕಿ ಬಿಗಿಯದಿದ್ದರೆ ತಳದ ಪೈಪು ಕಿತ್ತುಬರುತ್ತದೆ.

ಎರಡೂ ಪೈಪಿನ ತಳ ಒಂದೇ ಮಟ್ಟದಲ್ಲಿರಲಿ. ಮಟ್ಟದ ಲೆಕ್ಕ ಇದು: ನೀರಿನ ದಾರಿ 60ಕ್ಕೆ ಹೊರಬೀಳುತ್ತದೆ. ಡ್ರಮ್ಮಿನಲ್ಲಿ 10 ಸೆಂ.ಮೀ. ಎಣ್ಣೆ ತುಂಬಿದರೂ ಅದು ಹಗುರವಾದ್ದರಿಂದ ಮೇಲ್ಮಟ್ಟ 61.2ಕ್ಕೆ ಏರುತ್ತದೆ, ಎಣ್ಣೆಯ ಕೆಳಮಟ್ಟ 51.2ರಲ್ಲಿ ಇರುತ್ತದೆ. ಡೆನಿಮ್ ಮುಗಿಯುವುದು 44ಕ್ಕೆ. ಅಂದರೆ ತೇಲುವ ಎಣ್ಣೆ ಸದಾ ತಾಮ್ರದ ಕಿಟಕಿಯ ಎದುರು, ಡೆನಿಮ್ ಸದಾ ನೀರಿನ ಎದುರು.

ನಡೆಸುವುದು

ಮೊದಲು ಶುದ್ಧ ನೀರು ತುಂಬಿ ಡೆನಿಮ್ ಪೂರ್ತಿ ನೆನೆಯಲಿ, ನಂತರವೇ ಕೊಳೆನೀರು. ಒಣ ಡೆನಿಮ್‌ಗೆ ಮೊದಲು ಎಣ್ಣೆ ತಾಗಿದರೆ ನೂಲಿನೊಳಗೆ ಎಣ್ಣೆಯೇ ಮನೆ ಮಾಡುತ್ತದೆ, ಆಮೇಲೆ ನೀರು ಅದನ್ನು ಹೊರಹಾಕುವುದಿಲ್ಲ. ಏಪ್ರಿಲ್-ಮೇ ಬಿಸಿಲಿನಲ್ಲಿ ಎರಡು ದಿನ ಅಂಗಡಿ ಮುಚ್ಚಿದರೂ ಡ್ರಮ್ ನೆರಳಲ್ಲಿ, ನೀರು ತುಂಬಿಯೇ ಇರಲಿ.

ರ‍್ಯಾಂಪಿನಿಂದ ಡ್ರಮ್ಮಿಗೆ ನೀರು ಇಳಿಜಾರಿನಲ್ಲೇ ಬರಲಿ. ಮಧ್ಯೆ ಪಂಪ್ ಇಟ್ಟರೆ ಅದರ ಚಕ್ರ ಎಣ್ಣೆಯನ್ನು ಮಜ್ಜಿಗೆಯಂತೆ ಕಡೆದು ಸಣ್ಣ ಹನಿ ಮಾಡುತ್ತದೆ. ಹನಿ ಸಣ್ಣದಾದಷ್ಟೂ ಏರುವುದು ನಿಧಾನ: 150 ಮೈಕ್ರಾನಿನ ಎಂಜಿನ್ ಆಯಿಲ್ ಹನಿ ನಿಮಿಷಕ್ಕೆ ಸುಮಾರು 10 ಸೆಂ.ಮೀ. ಏರಿದರೆ, 20 ಮೈಕ್ರಾನಿನದು ಅಷ್ಟೇ ದೂರಕ್ಕೆ ಒಂದು ಗಂಟೆ ತೆಗೆದುಕೊಳ್ಳುತ್ತದೆ. 5 ಮೈಕ್ರಾನಿನದಕ್ಕೆ ಅರ್ಧ ದಿನಕ್ಕಿಂತ ಹೆಚ್ಚು. ನಿಮಿಷಕ್ಕೆ 5 ಲೀಟರ್ ಬಿಟ್ಟರೆ ಈ ಡ್ರಮ್ಮಿನಲ್ಲಿ 70 ಮೈಕ್ರಾನಿಗಿಂತ ದೊಡ್ಡ ಹನಿಗಳು ತಾವೇ ಮೇಲೇರುತ್ತವೆ. ಉಳಿದ ಕೆಲಸ ಡೆನಿಮ್‌ನದು. ಬಹುಪಾಲು ಕೆಲಸ ಮಾಡುವುದು ಗುರುತ್ವವೇ. ತಪ್ಪಿಸಿಕೊಂಡ ಹನಿಯನ್ನು ಹಿಡಿಯುವುದು, ಸರಿಯಾದ ಬಾಗಿಲಿನಿಂದ ಹೊರಗೆ ಕಳಿಸುವುದು ಪೊರೆಯ ಪಾಲು.

ಡ್ರಮ್ಮಿನ ಮಟ್ಟಕ್ಕೂ ನೀರಿನ ಪೈಪಿನೊಳಗಿನ ಮಟ್ಟಕ್ಕೂ ಇರುವ ವ್ಯತ್ಯಾಸವನ್ನು ದಿನಾ ನೋಡಿ. 3 ಸೆಂ.ಮೀ. ಒಳಗಿರುವಂತೆ ಹರಿವನ್ನು ಹೊಂದಿಸಿಕೊಳ್ಳಿ. 5 ಆದರೆ ಡೆನಿಮ್ ಕಟ್ಟಿದೆ. ಆಗ ಪೈಪಿನ ಮೇಲ್ತುದಿಯಿಂದ ಬಕೆಟ್ ನೀರು ರಭಸವಾಗಿ ಸುರಿಯಿರಿ. ನೀರು ಒಳಗಿನಿಂದ ಹೊರಕ್ಕೆ ನುಗ್ಗಿ ಕೊಳೆ ಬಿಡುತ್ತದೆ. ಇದಕ್ಕೂ ಜಗ್ಗದಿದ್ದರೆ ಬಟ್ಟೆ ಬಿಚ್ಚಿ ಮತ್ತೆ ಕುದಿಸಿ.

ತಾಮ್ರಕ್ಕೆ ಸೋಪು, ಬ್ರಶ್, ಬಿಸಿನೀರು ಯಾವುದೂ ತಾಗಬಾರದು. ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಜಾಲಾಡಿಸಿದರೆ ಸಾಕು. ಎಣ್ಣೆಯ ಬಾವಿಯಲ್ಲಿ ನೀರು ಕಾಣತೊಡಗಿದರೆ ಮೊದಲು ಅಂಟಿದ ಅಂಚು ನೋಡಿ, ಆಮೇಲೆ ಹನಿ ಉರುಳಿಸಿ ಲೇಪ ನೋಡಿ. ಲೇಪ ಹೋಗಿದ್ದರೆ ಜಾಲರಿ ಬಿಚ್ಚಿ ಜಿಡ್ಡು ತೆಗೆದು ಸ್ಟಿಯರಿಕ್ ಸ್ನಾನ ಮಾತ್ರ ಮತ್ತೆ ಮಾಡಿಸಿ. ನೀಲಿ-ಕಪ್ಪು ಬಣ್ಣ ಹೋಗಿ ಬರೀ ತಾಮ್ರ ಹೊಳೆಯುತ್ತಿದ್ದರೆ ಸೂಜಿಗಳೇ ಉದುರಿವೆ, ಮೊದಲಿನಿಂದ ಶುರು. ಗೇರ್ ಆಯಿಲ್‌ನಂಥ ಮಂದ ಎಣ್ಣೆ ಹೆಚ್ಚು ಬರುವ ಕಡೆ 200ರ ಬದಲು 100 ಮೆಶ್ ಹಾಕಿದರೆ ಬೇಗ ಹರಿಯುತ್ತದೆ. ಆಗ ಸೋರಿಕೆಯ ಪರೀಕ್ಷೆಯಲ್ಲಿ 12 ಸೆಂ.ಮೀ. ಆದರೂ ತಡೆಯಲೇಬೇಕು.

ಕೆಸರಿನ ಡ್ರಮ್ಮನ್ನು ಅಲಕ್ಷಿಸಬೇಡಿ. ಅದಿರಿನ ಕೆಂಪು ಧೂಳು ಎಣ್ಣೆ ಹನಿಯ ಸುತ್ತ ಕವಚದಂತೆ ಕೂತು, ಹನಿಗಳು ಒಂದಾಗದಂತೆ ತಡೆಯುತ್ತದೆ, ಎಣ್ಣೆಯನ್ನು ತಳಕ್ಕೂ ಎಳೆಯುತ್ತದೆ. ಟ್ರ್ಯಾಕ್ಟರ್ ಚಕ್ರದ ಎರೆ ಮಣ್ಣು ಇನ್ನೂ ಕಷ್ಟ, ದಿನಗಟ್ಟಲೆ ತೇಲಿಕೊಂಡೇ ಇರುತ್ತದೆ. 200 ಲೀಟರಿಗೆ 20 ಗ್ರಾಂ ಪಟಿಕ ಕರಗಿಸಿ ಹಾಕಿ, ಎರಡು ನಿಮಿಷ ಕಲಕಿ, ಅರ್ಧ ಗಂಟೆ ಬಿಡಿ.

ಶಾಂಪೂ ಬಿದ್ದ ನೀರು

ಇಲ್ಲಿ ಜಾಲರಿ ಸೋಲುತ್ತದೆ. ಎಣ್ಣೆ ಮತ್ತು ನೀರಿನ ನಡುವಿನ ಸೆಳೆತ ಸಾಮಾನ್ಯವಾಗಿ ಮೀಟರಿಗೆ 30 ಮಿಲಿನ್ಯೂಟನ್ ಆಸುಪಾಸು ಎಂದುಕೊಳ್ಳಿ. ನೆನೆದ 50 ಮೈಕ್ರಾನ್ ರಂಧ್ರ ಆಗ ಸುಮಾರು 21 ಸೆಂ.ಮೀ. ನೀರಿನಷ್ಟು ಒತ್ತಡದ ಎಣ್ಣೆಯನ್ನು ತಡೆಯುತ್ತದೆ. ಸೋಪು ಆ ಸೆಳೆತವನ್ನು 2ಕ್ಕೆ ಇಳಿಸಿದರೆ ತಡೆ ಒಂದೂವರೆ ಸೆಂ.ಮೀ.ಗೂ ಕಡಿಮೆ. ನೀರು ದೂಡುವ ಜಾಲರಿಯಲ್ಲೂ ಸೋಪಿನ ನೀರು ತರಿಗಳೊಳಗೆ ಹೊಕ್ಕು ಗಾಳಿಯನ್ನು ಹೊರಹಾಕುತ್ತದೆ. ಆದ್ದರಿಂದ ಎಂಜಿನ್, ಚಾಸಿಯನ್ನು ಬರೀ ನೀರಿನ ಒತ್ತಡದಲ್ಲಿ ತೊಳೆದು ಆ ನೀರನ್ನು ಡ್ರಮ್ಮಿಗೆ ಬಿಡಿ. ಫೋಮ್ ವಾಶ್ ನೀರಿಗೆ ಬೇರೆ ಗುಂಡಿ.

ಅನುಮಾನ ಬಂದರೆ ಒಂದು ಬಾಟಲಿ ತುಂಬಿ ಅರ್ಧ ಗಂಟೆ ಇಡಿ. ಕೆಳಗಿನ ನೀರು ಇನ್ನೂ ಹಾಲಿನಂತಿದ್ದರೆ ಈ ಡ್ರಮ್ಮಿನ ಕೈಲಿ ಆಗದು. ಪಟಿಕದ ಪ್ರಮಾಣವನ್ನು ಬಾಟಲಿಯಲ್ಲೇ ಹೆಚ್ಚಿಸುತ್ತ ಹೋಗಿ ಎಷ್ಟಕ್ಕೆ ಒಡೆಯುತ್ತದೆ ನೋಡಬೇಕು. ಲೇತ್ ಮಷೀನಿನ ಬಿಳಿ ಕೂಲೆಂಟಿನಂಥದ್ದಕ್ಕೆ 0.1 ಮೈಕ್ರಾನಿಗಿಂತ ಸಣ್ಣ ರಂಧ್ರದ, ಒತ್ತಡದಲ್ಲಿ ನಡೆಯುವ ಅಲ್ಟ್ರಾಫಿಲ್ಟ್ರೇಶನ್ ಪೊರೆ ಬೇಕು, ಅದು ಬೇರೆಯೇ ಉಪಕರಣ. ಆಸಿಡ್ ಹಾಕಿ ಒಡೆಸಿದ ನೀರನ್ನು ಈ ಡ್ರಮ್ಮಿಗೆ ಬಿಟ್ಟರೆ ತಾಮ್ರದ ಲೇಪ ಕರಗಿಹೋಗುತ್ತದೆ.

ಬಜ್ಜಿ ಅಂಗಡಿ, ಖಾನಾವಳಿಯ ಪಾತ್ರೆ ತೊಳೆದ ನೀರಿಗೂ ತಾಮ್ರದ ಜಾಲರಿ ಹೊಂದುವುದಿಲ್ಲ. ಕಾದು ಕಾದು ಹಳತಾದ ಎಣ್ಣೆಯ ಕೊಬ್ಬಿನಾಮ್ಲ ತಾಮ್ರದ ಜೊತೆ ಸೇರಿ ಹಸಿರು ಗಷ್ಟಾಗುತ್ತದೆ. ಅಲ್ಲಿ ಡೆನಿಮ್ ದಾರಿ ಮಾತ್ರ ಇಟ್ಟು, ಮೇಲಿನ ಎಣ್ಣೆಯನ್ನು ಸೌಟಿನಿಂದ ತೆಗೆಯುವುದೇ ಸರಿ.

ಹೊರಬರುವ ನೀರು, ಎಣ್ಣೆ, ಉಳಿದ ದ್ರಾವಣ

ನೀರಿನ ಪೈಪಿನ ಬಾಯಿಗೆ ಒಂದು ಬಕೆಟ್ ಇಟ್ಟು, ಅದರಲ್ಲಿ ಜಾಲರಿ ಚೀಲದಲ್ಲಿ ತುಂಬಿದ ಅರಳೆ ತೇಲಿಬಿಡಿ. ಜಿನ್ನಿಂಗ್ ಮಿಲ್ಲಿನಿಂದ ಬಂದ ಹಸಿ ಅರಳೆಯೇ ಆಗಬೇಕು. ಅದರ ಸಹಜ ಮೇಣ ನೀರನ್ನು ದೂಡಿ, ತನ್ನ ತೂಕದ ಹತ್ತಾರು ಪಟ್ಟು ಎಣ್ಣೆ ಹೀರುತ್ತದೆ. ಔಷಧಿ ಅಂಗಡಿಯ ಹತ್ತಿಯಲ್ಲಿ ಮೇಣ ತೆಗೆದಿರುತ್ತಾರೆ, ಅದು ನೀರು ಕುಡಿದು ಮುಳುಗುತ್ತದೆ. ರಾಯಚೂರಿನಲ್ಲಿ ಅರಳೆಗೆ ಬರವಿಲ್ಲ.

ಹೊರಬಿದ್ದ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಕಂಡರೆ ಕಡ್ಡಿಯಿಂದ ಕದಡಿ. ಕೂಡಲೇ ಮತ್ತೆ ಕೂಡಿಕೊಂಡರೆ ಎಣ್ಣೆ. ಹಪ್ಪಳದಂತೆ ಚೂರಾಗಿ ಹಾಗೇ ಉಳಿದರೆ ಕಬ್ಬಿಣದ ಬ್ಯಾಕ್ಟೀರಿಯಾದ ಪದರ. ಅದಿರಿನ ಸೀಮೆಯ ನಿಂತ ನೀರಿನಲ್ಲಿ ಇದು ಸಾಮಾನ್ಯ.

ಬಾವಿಯ ಎಣ್ಣೆಯನ್ನು ಮುಚ್ಚಳದ ಕ್ಯಾನಿನಲ್ಲಿ ಕೂಡಿಡಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಂಜಿನ್ ಆಯಿಲನ್ನು ಅನುಮತಿ ಇರುವ ಮರುಬಳಕೆದಾರರಿಗೇ ಕೊಡಬೇಕು. ಎಣ್ಣೆ ಕುಡಿದ ಅರಳೆಯೂ ಅದೇ ಲೆಕ್ಕಕ್ಕೆ, ಒಲೆಗೆ ಅಲ್ಲ.

ಜಾಲರಿ ಮಾಡಿ ಉಳಿದ ನೀಲಿ ದ್ರಾವಣವನ್ನು ಬಾಟಲಿಯಲ್ಲಿ ಮುಚ್ಚಿಡಬೇಡಿ. ಆಮ್ಲಜನಕ ಬಿಟ್ಟು ಬಾಟಲಿ ಸಿಡಿಯಬಹುದು. ಅಗಲ ಬಾಯಿಯ ಪ್ಲಾಸ್ಟಿಕ್ ತೊಟ್ಟಿಯಲ್ಲಿ, ಮಕ್ಕಳು-ದನ ಸುಳಿಯದ ಕಡೆ ಕೆಲವು ದಿನ ತೆರೆದಿಡಿ. ಅಮೋನಿಯಾ ವಾಸನೆ ಪೂರ್ತಿ ಹೋದ ಮೇಲೆ, ಬ್ಯಾಟರಿ ಆಸಿಡ್ಡನ್ನು ನೀರಿನಲ್ಲಿ ತೆಳುವಾಗಿಸಿ ಹನಿಹನಿಯಾಗಿ ಸೇರಿಸುತ್ತ ಪಿಎಚ್ ಪಟ್ಟಿಯಲ್ಲಿ 8–9ಕ್ಕೆ ತನ್ನಿ. ತಾಮ್ರ ತಳಕ್ಕೆ ಕೂರುತ್ತದೆ. ಬಟ್ಟೆಯಲ್ಲಿ ಸೋಸಿ, ಗಷ್ಟನ್ನು ಒಣಗಿಸಿ, ಬಳಸಿದ ಎಣ್ಣೆಗೆ ಬೆರೆಸದೆ ಬೇರೆಯಾಗಿ, ಅನುಮತಿ ಇರುವ ತ್ಯಾಜ್ಯದವರಿಗೆ ಕೊಡಿ.

ಪ್ರಯೋಗಾಲಯಕ್ಕೆ ಮಾದರಿ ಕಳಿಸುವಾಗ ಅಗಲ ಬಾಯಿಯ ಗಾಜಿನ ಬಾಟಲಿಯೇ ಬೇಕು. ಪ್ಲಾಸ್ಟಿಕ್ ಗೋಡೆಗೆ ಎಣ್ಣೆ ಅಂಟಿ ಲೆಕ್ಕ ಕಡಿಮೆ ಬರುತ್ತದೆ. ಒಂದು ಲೀಟರ್ ನೇರ ಪೈಪಿನ ಬಾಯಿಯಿಂದ ಹಿಡಿಯಿರಿ. ಬಕೆಟ್‌ನಿಂದ ಮೊಗೆಯುವುದು, ಬಾಟಲಿಯನ್ನು ಅದೇ ನೀರಿನಲ್ಲಿ ಜಾಲಾಡಿಸುವುದು ಬೇಡ. ಮೊದಲ ಮಾದರಿಯನ್ನು ಬೆಳಗಿನ ಶುದ್ಧ ನೀರಿನ ಹೊತ್ತಿನಲ್ಲಿ ತೆಗೆಯದೆ, ಸಂಜೆ ಕೊನೆಯ ಟಿಪ್ಪರ್ ತೊಳೆದು ಡ್ರಮ್ ತುಂಬಿ ಹರಿಯುತ್ತಿರುವಾಗ ತೆಗೆಯಿರಿ.